ರಿಫ್ರಾಕ್ಟೋಮೀಟರ್: ಸೊನ್ನೆಗೆ ಹೊಂದಿಸಿದರೆ 35 ತಪ್ಪುತ್ತದೆ, 35ಕ್ಕೆ ಹೊಂದಿಸಿದರೆ ಸೊನ್ನೆ ತಪ್ಪುತ್ತದೆ. ಯಾವುದನ್ನು ನಂಬಬೇಕು?

ಪ್ರಶ್ನೆ: ಹವಳದತೊಟ್ಟಿ (ಡೊಂಬಿವಲಿ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 200 ಲೀಟರಿನ ಒಂದು ಉಪ್ಪುನೀರಿನ ಅಕ್ವೇರಿಯಂ ಇದೆ. ಒಂದು ಜೋಡಿ ಕ್ಲೌನ್ ಮೀನು, ಕೆಲವು ಮೆದು ಹವಳಗಳು ಮತ್ತು ಇತ್ತೀಚೆಗೆ ತಂದ ಒಂದು ಹ್ಯಾಮರ್ ಹವಳ ಅದರಲ್ಲಿವೆ. ಇಷ್ಟು ದಿನ ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಳ್ಳು ಮೇಲೆ ಕೆಳಗೆ ಆಡುವ ಅಗ್ಗದ ಹೈಡ್ರೋಮೀಟರಿನಲ್ಲಿಯೇ ಲವಣಾಂಶ ನೋಡುತ್ತಿದ್ದೆ. ಆ ಮುಳ್ಳಿಗೆ ಸಣ್ಣದೊಂದು ಗಾಳಿಗುಳ್ಳೆ ಅಂಟಿದರೂ ಅಂಕಿ ಮೇಲಕ್ಕೇರುತ್ತಿದ್ದುದರಿಂದ ಬೇಸತ್ತು, ಕಣ್ಣಿಗೆ ಹಿಡಿದು ನೋಡುವ ರಿಫ್ರಾಕ್ಟೋಮೀಟರನ್ನು ಆನ್‌ಲೈನಿನಲ್ಲಿ ತರಿಸಿದೆ. ಅದರ ಒಳಗಿನ ಮಾಪಕದಲ್ಲಿ ಒಂದು ಬದಿಗೆ 0ಯಿಂದ 100 ಪಿಪಿಟಿ (ಸಾವಿರ ಭಾಗದಲ್ಲಿ ಎಷ್ಟು ಭಾಗ ಉಪ್ಪು ಎಂಬ ಲೆಕ್ಕ), ಇನ್ನೊಂದು ಬದಿಗೆ 1.000ದಿಂದ 1.070ರವರೆಗೆ ವಿಶಿಷ್ಟ ಸಾಂದ್ರತೆ (ಶುದ್ಧ ನೀರಿಗೆ ಹೋಲಿಸಿದ ಸಾಂದ್ರತೆ) ಇದೆ. ಮೈಮೇಲೆ ಎಟಿಸಿ, ಅಂದರೆ ಉಷ್ಣತೆಯ ವ್ಯತ್ಯಾಸವನ್ನು ತಾನಾಗಿ ಸರಿದೂಗಿಸುವ ವ್ಯವಸ್ಥೆ ಇದೆ ಎಂದು ಬರೆದಿದ್ದಾರೆ.

ಜೊತೆಗೆ ಬಂದ ಚೀಟಿಯಲ್ಲಿ ಹೇಳಿದಂತೆ ಡಿಸ್ಟಿಲ್ಡ್ ವಾಟರ್ ಎರಡು ಹನಿ ಹಾಕಿ, ಪುಟ್ಟ ಸ್ಕ್ರೂಡ್ರೈವರಿನಿಂದ ತಿರುಪು ತಿರುಗಿಸಿ, ನೀಲಿ-ಬಿಳಿ ಗಡಿಯನ್ನು ಸೊನ್ನೆಯ ಗೆರೆಗೆ ತಂದೆ. ತೊಟ್ಟಿಯ ನೀರನ್ನು ಅದರ ಪ್ರಕಾರವೇ 35 ಪಿಪಿಟಿಯಲ್ಲಿ ಇಟ್ಟುಕೊಂಡು ಬಂದಿದ್ದೇನೆ. ಈಗ ಸಂದೇಹ ನಿವಾರಣೆಗೆಂದು 35 ಪಿಪಿಟಿಯ ಕ್ಯಾಲಿಬ್ರೇಷನ್ ದ್ರಾವಣದ ಬಾಟಲಿಯೊಂದನ್ನು ತರಿಸಿ ಹಾಕಿ ನೋಡಿದರೆ, ಗಡಿ 36ಕ್ಕೂ 37ಕ್ಕೂ ನಡುವೆ ನಿಂತಿತು. ತಿರುಪು ತಿರುಗಿಸಿ ಅದನ್ನು 35ಕ್ಕೆ ತಂದೆನೆಂದರೆ ಡಿಸ್ಟಿಲ್ಡ್ ವಾಟರಿನ ಗಡಿ ಸೊನ್ನೆಯ ಗೆರೆಗಿಂತ ಕೆಳಗಿಳಿಯುತ್ತದೆ. ಎರಡನ್ನೂ ಒಟ್ಟಿಗೆ ಸರಿಪಡಿಸಲು ಆಗುತ್ತಲೇ ಇಲ್ಲ. ಉಪಕರಣ ಕೆಟ್ಟದ್ದೋ, ಬಾಟಲಿಯ ದ್ರಾವಣ ಕೆಟ್ಟದ್ದೋ? ಇದರ ಮೇಲೆ, ಮಾರಿದ ಅಂಗಡಿಯವರು "1.025 ಇದ್ದರೆ ಸಾಕು, ಅದೇ 35" ಎನ್ನುತ್ತಾರೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಲವಣಮಾಪಕ (ಕೊಥ್ರೂಡ್, ಪುಣೆ)

ನಮಸ್ಕಾರ. ನಿಮ್ಮ ಉಪಕರಣವೂ ಕೆಟ್ಟಿಲ್ಲ, ಬಾಟಲಿಯೂ ಬಹುತೇಕ ಸರಿಯಾಗಿಯೇ ಇದೆ. ನೀವು ಕೊಟ್ಟಿರುವ ಅಂಕಿಗಳಿಂದಲೇ ಇದನ್ನು ಊಹಿಸಬಹುದು.

ರಿಫ್ರಾಕ್ಟೋಮೀಟರ್ ಉಪ್ಪನ್ನು ಅಳೆಯುವುದಿಲ್ಲ. ಪ್ರಿಸಮ್ಮಿನ ಮೇಲಿನ ತೆಳುವಾದ ನೀರಿನ ಪದರದಲ್ಲಿ ಬೆಳಕು ಎಷ್ಟು ಬಾಗುತ್ತದೆ ಎಂಬುದನ್ನಷ್ಟೇ ಅದು ತೋರಿಸುತ್ತದೆ. ಆ ಬಾಗುವಿಕೆಯನ್ನು ಪಿಪಿಟಿಯಾಗಿ ಓದಿಸುವುದು ಒಳಗೆ ಮುದ್ರಿಸಿರುವ ಮಾಪಕದ ಕೆಲಸ. 20 ಡಿಗ್ರಿಯಲ್ಲಿ ಶುದ್ಧ ನೀರಿನ ವಕ್ರೀಭವನ ಸೂಚ್ಯಂಕ 1.3330, 35 ಪಿಪಿಟಿಯ ಸಮುದ್ರದ ನೀರಿನದು 1.3394. ಸೊನ್ನೆಯಿಂದ 35ರವರೆಗಿನ ಇಡೀ ವ್ಯತ್ಯಾಸ 0.0064 ಮಾತ್ರ. ಆದ್ದರಿಂದ ಮಾಪಕವನ್ನು ಯಾವ ದ್ರಾವಣಕ್ಕೆಂದು ಗೀಚಿದ್ದಾರೆ ಎಂಬುದು ಬಹಳ ಮುಖ್ಯವಾಗುತ್ತದೆ. ಅಗ್ಗದ ಉಪಕರಣಗಳಲ್ಲಿ ಬಹುಪಾಲು ಅಡುಗೆ ಉಪ್ಪಿನ, ಅಂದರೆ ಸೋಡಿಯಂ ಕ್ಲೋರೈಡಿನ ದ್ರಾವಣಕ್ಕೆಂದು ಮಾಡಿದವು. ಸಮುದ್ರದ ಉಪ್ಪಿನಲ್ಲಿ ತೂಕದ ಲೆಕ್ಕದಲ್ಲಿ ಸುಮಾರು ಶೇಕಡಾ 85 ಭಾಗ ಸೋಡಿಯಂ ಮತ್ತು ಕ್ಲೋರೈಡ್ ಇದ್ದರೂ ಉಳಿದದ್ದು ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮುಂತಾದವು. ಈ ಮಿಶ್ರಣ ಬರಿಯ ಅಡುಗೆ ಉಪ್ಪಿಗಿಂತ ಗ್ರಾಂ ಒಂದಕ್ಕೆ ಬೆಳಕನ್ನು ಸ್ವಲ್ಪ ಹೆಚ್ಚೇ ಬಾಗಿಸುತ್ತದೆ. ಲೆಕ್ಕ ಹಾಕಿದರೆ 35 ಪಿಪಿಟಿಯ ಸಮುದ್ರದ ನೀರೂ 36.5 ಪಿಪಿಟಿಯ ಅಡುಗೆ ಉಪ್ಪಿನ ದ್ರಾವಣವೂ ರಿಫ್ರಾಕ್ಟೋಮೀಟರಿನ ಕಣ್ಣಿಗೆ ಒಂದೇ.

ಈಗ ನಿಮ್ಮ ಅಂಕಿಗೆ ಬನ್ನಿ. ಸೊನ್ನೆ ಸರಿಯಾಗಿರುವಾಗ ಬಾಟಲಿಯ ದ್ರಾವಣ 36ಕ್ಕೂ 37ಕ್ಕೂ ನಡುವೆ ನಿಂತಿತೆಂದರೆ, ನಿಮ್ಮ ಮಾಪಕ ಅಡುಗೆ ಉಪ್ಪಿನದು, ದ್ರಾವಣವು ಸಮುದ್ರದ ನೀರಿಗೆ ಸಮನಾದದ್ದು ಎಂದರ್ಥ. ಬಾಟಲಿಯಲ್ಲಿ ಬರಿಯ 35 ಗ್ರಾಂ ಅಡುಗೆ ಉಪ್ಪು ಕರಗಿಸಿ 35 ಎಂದು ಬರೆದಿದ್ದರೆ, ನಿಮ್ಮ ಉಪಕರಣ ಅದನ್ನು ಸರಿಯಾಗಿ 35 ಎಂದೇ ತೋರಿಸುತ್ತಿತ್ತು. ನಿಮಗೆ ಆಗ ಯಾವ ಸಂದೇಹವೂ ಬರುತ್ತಿರಲಿಲ್ಲ, ತಪ್ಪು ಮಾತ್ರ ಹಾಗೆಯೇ ಉಳಿಯುತ್ತಿತ್ತು.

ಇಲ್ಲಿ ಎರಡು ಬಗೆಯ ದೋಷಗಳನ್ನು ಬೇರೆಬೇರೆಯಾಗಿ ನೋಡಬೇಕು. ಇಡೀ ಮಾಪಕವೇ ಒಂದಿಷ್ಟು ಮೇಲೆ ಅಥವಾ ಕೆಳಗೆ ಸರಿದಿರುವುದು ಒಂದು. ಅದನ್ನು ತಿರುಪು ಸರಿಪಡಿಸುತ್ತದೆ. ಗೆರೆಗೂ ಗೆರೆಗೂ ನಡುವಿನ ಅಂತರವೇ ನಿಮ್ಮ ನೀರಿಗೆ ಹೊಂದದಿರುವುದು ಇನ್ನೊಂದು. ಅದನ್ನು ಯಾವ ತಿರುಪೂ ಸರಿಪಡಿಸಲಾರದು. ನಿಮ್ಮದು ಎರಡನೆಯದು. ಹಾಗಾಗಿ ಸೊನ್ನೆಯೂ 35ರೂ ಒಟ್ಟಿಗೆ ಕೂಡಿಬರಲು ಸಾಧ್ಯವೇ ಇಲ್ಲ, ಅದಕ್ಕಾಗಿ ಹೆಣಗಬೇಡಿ. ಓದಬೇಕಾದದ್ದು 35ರ ಆಸುಪಾಸಿನಲ್ಲಿ. ಆದ್ದರಿಂದ 35ರಲ್ಲೇ ಹೊಂದಿಸಿ. ಆಮೇಲೆ ಡಿಸ್ಟಿಲ್ಡ್ ವಾಟರ್ ಸೊನ್ನೆಗಿಂತ ಒಂದೂವರೆ ಗೆರೆಯಷ್ಟು ಕೆಳಗೆ ಹೋದರೆ ಹೋಗಲಿ. 33ರಿಂದ 37ರ ಒಳಗೆ ಓದುವಾಗ ಉಳಿಯುವ ತಪ್ಪು ಒಂದು ಗೆರೆಯ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚಿರದು. ಅದನ್ನು ಕಣ್ಣು ಗುರುತಿಸಲಾರದು.

ಅಂಗಡಿಯವರ ಮಾತಿನ ಬಗ್ಗೆ: 25 ಡಿಗ್ರಿಯಲ್ಲಿ 35 ಪಿಪಿಟಿ ಸಮುದ್ರದ ನೀರಿನ ವಿಶಿಷ್ಟ ಸಾಂದ್ರತೆ 1.0264. 1.025 ಎಂದರೆ ಸುಮಾರು 33 ಪಿಪಿಟಿ. ಮೀನಷ್ಟೇ ಇರುವ ತೊಟ್ಟಿಗೆ 33 ಏನೂ ಕೇಡಲ್ಲ, ಆದರೆ ಅದನ್ನು 35 ಎಂದು ಕರೆಯಲಾಗದು. ನಿಮ್ಮ ಮಾಪಕದ ಒಳಗೆ 35ರ ಗೆರೆಯ ಎದುರಿಗೆ ಯಾವ ಸಾಂದ್ರತೆ ಇದೆ ಎಂದೂ ಒಮ್ಮೆ ಗಮನಿಸಿ. 1.025ರ ಹತ್ತಿರ ಇದ್ದರೆ ಅದು ಅಡುಗೆ ಉಪ್ಪಿನ ಮಾಪಕವೇ ಸರಿ. 1.0265ರ ಹತ್ತಿರ ಇದ್ದರೆ ಸಮುದ್ರದ ನೀರಿನ ಅನುಪಾತವನ್ನು ಅನುಸರಿಸಿದ್ದಾರೆಂದು ಹೇಳಬಹುದಾದರೂ, ಮುದ್ರಣವನ್ನಷ್ಟೇ ನೋಡಿ ನಂಬುವುದಕ್ಕಿಂತ ದ್ರಾವಣ ಹಾಕಿ ನೋಡುವುದೇ ಲೇಸು.

ಉತ್ತರ: ಬಂದರುಕಾಂಠ (ವಾಸ್ಕೊ, ಗೋವಾ)

ಪುಣೆಯ ಮಿತ್ರರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ "ಯಾವಾಗಲೂ 35ರಲ್ಲೇ ಹೊಂದಿಸಿ" ಎಂಬ ಮಾತಿಗೆ ಒಂದು ಷರತ್ತು ಸೇರಿಸಬೇಕು: ಬಾಟಲಿಯ ಮೇಲೆ ನಂಬಿಕೆ ಇದ್ದರೆ ಮಾತ್ರ. ಡಿಸ್ಟಿಲ್ಡ್ ವಾಟರಿನಲ್ಲಿ ತಪ್ಪಾಗುವ ಸಂಭವ ಕಡಿಮೆ, ಅದು ಎಲ್ಲೆಡೆಯೂ ಒಂದೇ. 35ರ ದ್ರಾವಣಗಳ ವಿಷಯ ಹಾಗಲ್ಲ. ಕೆಲವು ಬಾಟಲಿಗಳು ನೀರಿನ ವಿದ್ಯುತ್ ವಾಹಕತೆ ಅಳೆಯುವ ಮೀಟರುಗಳಿಗಾಗಿ ಮಾಡಿದವು. 35 ಪಿಪಿಟಿ ಸಮುದ್ರದ ನೀರು 25 ಡಿಗ್ರಿಯಲ್ಲಿ ಸೆಂಟಿಮೀಟರಿಗೆ 53 ಮಿಲಿಸೀಮೆನ್ಸ್ ವಾಹಕತೆ ತೋರಿಸುತ್ತದೆ. ಅದೇ ವಾಹಕತೆಯನ್ನು ಅಡುಗೆ ಉಪ್ಪಿನಿಂದ ಪಡೆಯಲು ತೂಕದಲ್ಲಿ ಶೇಕಡಾ 3.3ರಷ್ಟು ಉಪ್ಪು ಸಾಕು. ವಕ್ರೀಭವನಕ್ಕೆ ಬೇಕಾದದ್ದು ಶೇಕಡಾ 3.65, ತೇಲುವ ಹೈಡ್ರೋಮೀಟರಿಗೆ ಬೇಕಾದದ್ದು ಅದಕ್ಕಿಂತಲೂ ತುಸು ಹೆಚ್ಚು, 3.7ರ ಹತ್ತಿರ. ಮೂರೂ ಬಾಟಲಿಗಳ ಮೇಲೆ "35" ಎಂದೇ ಬರೆದಿರಬಹುದು. ಒಂದರದ್ದನ್ನು ಇನ್ನೊಂದಕ್ಕೆ ಬಳಸಿದರೆ ಮೂರು ಪಿಪಿಟಿಯಷ್ಟು ತಪ್ಪು ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಚೀಟಿಯಲ್ಲಿ ರಿಫ್ರಾಕ್ಟೋಮೀಟರಿಗೆಂದು ಸ್ಪಷ್ಟವಾಗಿ ನಮೂದಿಸಿದ್ದನ್ನೇ ಕೊಳ್ಳಿ.

ಇಲ್ಲಿ ಹೊಸಬರು ಕೆಲವರು ಆಗಾಗ ಕೇಳುವ ಪ್ರಶ್ನೆಯೊಂದಿದೆ: ಕಡಲೇ ಪಕ್ಕದಲ್ಲಿರುವಾಗ ಅದರ ನೀರನ್ನೇ ಮಾನಕವಾಗಿ ಬಳಸಬಾರದೇಕೆ? ಮುಂಬಯಿಯವರಿಗೂ ಇದು ಅನ್ವಯಿಸುವುದರಿಂದ ಹೇಳುತ್ತೇನೆ. ಅರಬ್ಬಿ ಸಮುದ್ರದ ತೆರೆದ ಭಾಗದಲ್ಲಿ ಲವಣಾಂಶ 36ರ ಸುತ್ತಮುತ್ತ, ಕೆಲವೆಡೆ ಇನ್ನೂ ಹೆಚ್ಚು. ದಡದ ಸಂಗತಿಯೇ ಬೇರೆ. ಮಳೆಗಾಲದಲ್ಲಿ ಮಾಂಡವಿ ಮತ್ತು ಜುವಾರಿ ನದಿಗಳು ತುಂಬಿ ಹರಿಯುವಾಗ ಅವುಗಳ ಅಳಿವೆಯ ಮೇಲ್ಪದರದ ನೀರು ಸಿಹಿನೀರಿಗೆ ಹತ್ತಿರವಾಗುವಷ್ಟು ಇಳಿಯುತ್ತದೆ. ದೋನಾ ಪಾವ್ಲಾದ ದಂಡೆಯಲ್ಲಿ ಮೇ ತಿಂಗಳಲ್ಲಿ ತುಂಬಿಕೊಂಡ ನೀರೂ ಜುಲೈಯಲ್ಲಿ ತುಂಬಿಕೊಂಡ ನೀರೂ ಒಂದೇ ಅಲ್ಲ. ಠಾಣೆ ಖಾರಿಯ ಬಾಯಲ್ಲಿಯೂ ಹೀಗೆಯೇ. ಕೊಳಚೆಯ ಮಾತು ಹಾಗಿರಲಿ, ಅಳತೆಗೋಲೇ ಋತುವಿಗೊಂದು ಉದ್ದವಾಗುತ್ತಿದ್ದರೆ ಅದರಿಂದ ಏನನ್ನು ಅಳೆಯುವುದು? ಸಮುದ್ರವಿಜ್ಞಾನಿಗಳು ಕೂಡ ತಮ್ಮ ಮೀಟರುಗಳನ್ನು ಪಕ್ಕದ ಕಡಲಿನ ನೀರಿನಿಂದ ಹೊಂದಿಸುವುದಿಲ್ಲ. ಉತ್ತರ ಅಟ್ಲಾಂಟಿಕ್‌ನಿಂದ ತೆಗೆದು, ಶೋಧಿಸಿ, ವಾಹಕತೆಯನ್ನು ನಿಖರವಾಗಿ ಗುರುತಿಸಿ ಬಾಟಲಿಯಲ್ಲಿ ಮುಚ್ಚಿ ಕಳುಹಿಸುವ ಮಾನಕ ಸಮುದ್ರಜಲವನ್ನು ಬಳಸುತ್ತಾರೆ. 1978ರ ಲವಣಾಂಶ ಮಾಪಕದ ಪ್ರಕಾರ, ಒಂದು ಕಿಲೋ ದ್ರಾವಣದಲ್ಲಿ 32.4356 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಇರುವ ದ್ರಾವಣಕ್ಕೆ 15 ಡಿಗ್ರಿಯಲ್ಲಿ ಸಮನಾದ ವಾಹಕತೆ ತೋರುವ ನೀರೇ 35. ನಮಗೆ ಅಷ್ಟು ಸೂಕ್ಷ್ಮತೆ ಬೇಕಿಲ್ಲ. ಹವಳಕ್ಕೆ 34.5 ಆದರೂ ಸರಿ, 35.5 ಆದರೂ ಸರಿ, ಇವತ್ತು 33 ನಾಳೆ 36 ಆಗದಿದ್ದರೆ ಸಾಕು ಎಂಬುದು ನನ್ನ ಅಭಿಪ್ರಾಯ.

ಹವಳದತೊಟ್ಟಿ (ಡೊಂಬಿವಲಿ)

ಇಬ್ಬರಿಗೂ ಧನ್ಯವಾದ. ನೋಡಿದೆ, 35ರ ಎದುರಿಗೆ ಇರುವುದು 1.025ರ ಗೆರೆಯೇ. ಇನ್ನೆರಡು ವಿಷಯ ಕೇಳಬೇಕಿತ್ತು. ಒಂದು, ರಾತ್ರಿ ಎಸಿ ಹಾಕಿದ ಕೋಣೆಯಲ್ಲಿ ನೋಡಿದಾಗಲೂ ಮಧ್ಯಾಹ್ನ ಸೆಕೆಯಲ್ಲಿ ನೋಡಿದಾಗಲೂ ಒಂದೇ ನೀರು ಒಂದು ಗೆರೆಯಷ್ಟು ಬೇರೆಯಾಗಿ ಕಾಣುತ್ತದೆ. ಎಟಿಸಿ ಇದ್ದ ಮೇಲೂ ಹೀಗೇಕೆ? ಇನ್ನೊಂದು, ಬಾಟಲಿ ಮುಗಿದ ಮೇಲೆ ಶೇಕಡಾ 3.65ರ ದ್ರಾವಣವನ್ನು ಮನೆಯಲ್ಲಿಯೇ ಮಾಡಿಕೊಂಡರೆ ನಡೆಯುತ್ತದೆಯೇ?

ಉತ್ತರ: ಪ್ರಯೋಗಶಾಲೆ (ಮುಲುಂಡ್)

ಎರಡಕ್ಕೂ ನಾನು ಉತ್ತರಿಸುತ್ತೇನೆ. ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಕೆಲಸ ಮಾಡುವುದರಿಂದ ಈ ಉಪಕರಣದ ಜೊತೆ ದಿನವೂ ಒಡನಾಟವಿದೆ.

ಉಷ್ಣತೆ ಹೆಚ್ಚಿದಂತೆ ನೀರು ಬೆಳಕನ್ನು ಕಡಿಮೆ ಬಾಗಿಸುತ್ತದೆ. 25 ಡಿಗ್ರಿಯ ಸುಮಾರಿನಲ್ಲಿ ಒಂದು ಡಿಗ್ರಿ ಏರಿದರೆ ಸೂಚ್ಯಂಕ ಸುಮಾರು 0.0001ರಷ್ಟು ಇಳಿಯುತ್ತದೆ; ಪಿಪಿಟಿಯಲ್ಲಿ ಹೇಳುವುದಾದರೆ ಅರ್ಧಕ್ಕಿಂತ ತುಸು ಹೆಚ್ಚು. ಯಾವ ಪರಿಹಾರವೂ ಇಲ್ಲದ ಉಪಕರಣದಲ್ಲಿ ಆರು ಡಿಗ್ರಿಯ ವ್ಯತ್ಯಾಸ ಮೂರು ಪಿಪಿಟಿಯ ಸುಳ್ಳನ್ನು ಹೇಳಿಸಬಲ್ಲದು. ಎಟಿಸಿ ಎಂದರೆ ಒಳಗಿರುವ ಎರಡು ಲೋಹಗಳ ಒಂದು ಪಟ್ಟಿ. ಅದು ಶಾಖಕ್ಕೆ ಬಾಗುತ್ತ ಒಳಗಿನ ದೃಗ್ಭಾಗವನ್ನು ಸರಿಸಿ ಈ ವ್ಯತ್ಯಾಸವನ್ನು ಸರಿದೂಗಿಸುತ್ತದೆ. ಆದರೆ ಅದಕ್ಕೊಂದು ಮಿತಿ ಇದೆ, ಸಾಮಾನ್ಯವಾಗಿ 10ರಿಂದ 30 ಡಿಗ್ರಿ. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಎಸಿ ಇಲ್ಲದ ನಮ್ಮ ಕೋಣೆಗಳು ಆ ಮಿತಿಯನ್ನು ಸಲೀಸಾಗಿ ದಾಟುತ್ತವೆ. ಅಲ್ಲದೆ ಆ ಪಟ್ಟಿಗೆ ಗೊತ್ತಿರುವುದು ಉಪಕರಣದ ಮೈಯ ಉಷ್ಣತೆಯೇ ಹೊರತು ಹನಿಯದಲ್ಲ. ಎಸಿ ಕೋಣೆಯಿಂದ ತಂದ ತಣ್ಣನೆಯ ಉಪಕರಣದ ಮೇಲೆ ಬಿಸಿ ನೀರು ಹಾಕಿ ಕೂಡಲೇ ಓದಿದರೆ ಇವೆರಡೂ ಬೇರೆಬೇರೆಯಾಗಿರುತ್ತವೆ. ಪ್ರಿಸಮ್ಮಿನ ಮುಂದೆ ಎರಡು ಹನಿ ನೀರು ಯಾವ ಲೆಕ್ಕಕ್ಕೂ ಇಲ್ಲದ್ದರಿಂದ, ಮುಚ್ಚಳ ಮುಚ್ಚಿ ಅರ್ಧದಿಂದ ಒಂದು ನಿಮಿಷ ಸುಮ್ಮನಿದ್ದರೆ ಹನಿಯೇ ಉಪಕರಣದ ಉಷ್ಣತೆಗೆ ಬರುತ್ತದೆ. ಎಲ್ಲಕ್ಕಿಂತ ಸರಳವಾದ ಉಪಾಯವೆಂದರೆ, ಯಾವ ಕೋಣೆಯಲ್ಲಿ ಯಾವ ಹೊತ್ತಿನಲ್ಲಿ ನೀರು ನೋಡುತ್ತೀರೋ ಅಲ್ಲಿಯೇ ಅದೇ ಹೊತ್ತಿನಲ್ಲಿ ಮೊದಲು ಮಾನಕ ದ್ರಾವಣವನ್ನೂ ಬೆನ್ನಿಗೇ ತೊಟ್ಟಿಯ ನೀರನ್ನೂ ನೋಡುವುದು. ಬಾಟಲಿಯನ್ನು ಫ್ರಿಜ್ಜಿನಲ್ಲಿ ಇಡಬೇಡಿ.

ಹನಿ ಹಾಕುವಾಗ ಪ್ರಿಸಂ ಪೂರ್ತಿ ತೊಯ್ಯಬೇಕು, ಮುಚ್ಚಳದ ಕೆಳಗೆ ಗುಳ್ಳೆ ಉಳಿಯಬಾರದು. ಸೀಲಿಂಗ್ ಫ್ಯಾನಿನ ಕೆಳಗೆ ಮುಚ್ಚಳ ತೆರೆದಿಟ್ಟು ಫೋನ್ ನೋಡುತ್ತ ನಿಂತರೆ ಹನಿ ಆವಿಯಾಗಿ ಅಂಕಿ ಏರುತ್ತದೆ. ಗಡಿರೇಖೆ ಚೂಪಾಗಿರದೆ ಮಸುಕಾಗಿದ್ದರೆ ಬಹುಮಟ್ಟಿಗೆ ಪ್ರಿಸಮ್ಮಿನ ಮೇಲೆ ಹಿಂದಿನ ಸಲದ ಉಪ್ಪೋ ಬೆರಳಿನ ಜಿಡ್ಡೋ ಇದೆ ಎಂದು ತಿಳಿಯಬೇಕು. ಪ್ರತಿ ಸಲವೂ ಡಿಸ್ಟಿಲ್ಡ್ ವಾಟರಿನಿಂದ ತೊಳೆದು ಮೆದುವಾದ ಬಟ್ಟೆಯಿಂದ ಒರೆಸಿ, ಉಜ್ಜಬೇಡಿ. ಬೆಳಕಿಗೆ ಕಿಟಕಿಯ ಕಡೆ ತಿರುಗುವುದು ಉತ್ತಮ. ತೊಟ್ಟಿಯ ನೀಲಿ ಎಲ್‌ಇಡಿಯ ಕಡೆಗೆ ಹಿಡಿದರೆ ಗಡಿ ಎಲ್ಲಿದೆ ಎಂದು ನಿರ್ಧರಿಸುವುದೇ ಕಷ್ಟ.

ಇನ್ನು ಮನೆಯಲ್ಲಿ ಮಾಡುವ ದ್ರಾವಣ. ಖಂಡಿತ ಮಾಡಬಹುದು, ತೂಕ ಸರಿಯಿದ್ದರೆ ಕೊಂಡದ್ದಕ್ಕಿಂತ ಕಡಿಮೆಯೇನಲ್ಲ. ಒಂದು ಕಿಲೋ ದ್ರಾವಣಕ್ಕೆ 36.5 ಗ್ರಾಂ ಉಪ್ಪು, 963.5 ಗ್ರಾಂ ನೀರು. ಅಡುಗೆಮನೆಯ ತಕ್ಕಡಿ ಒಂದು ಗ್ರಾಮಿನ ಲೆಕ್ಕದಲ್ಲಿ ಮಾತ್ರ ತೋರಿಸುವುದಾದರೆ ಎರಡು ಕಿಲೋ ಮಾಡಿ: 73 ಗ್ರಾಂ ಉಪ್ಪು, 1927 ಗ್ರಾಂ ನೀರು. ನೀರನ್ನೂ ತೂಗಿಯೇ ಹಾಕಿ, ಲೀಟರಿನ ಜಗ್ಗಿನ ಗೆರೆಯನ್ನು ನಂಬಬೇಡಿ. ಹಾಗೆ ಮಾಡಿದರೂ ಉಪ್ಪಿನಲ್ಲಿ ಅರ್ಧ ಗ್ರಾಂ ಹೆಚ್ಚುಕಡಿಮೆಯಾದರೆ ಕಾಲು ಪಿಪಿಟಿ ತಪ್ಪುತ್ತದೆ. ಚಿನ್ನ ತೂಗುವ ಪುಟ್ಟ ಡಿಜಿಟಲ್ ತಕ್ಕಡಿ ಸಿಕ್ಕರೆ 3.65 ಗ್ರಾಂ ಉಪ್ಪಿಗೆ 96.35 ಗ್ರಾಂ ನೀರು ಹಾಕಿ ನೂರು ಗ್ರಾಂ ಮಾಡಿಕೊಂಡರೆ ಸಾಕು.

ಮುಂಬಯಿಯಲ್ಲಿ ಒಂದು ತೊಡಕಿದೆ. ಗಾಳಿಯ ಆರ್ದ್ರತೆ ಶೇಕಡಾ 75 ದಾಟಿದರೆ ಉಪ್ಪು ತಾನಾಗಿ ನೀರನ್ನು ಹೀರತೊಡಗುತ್ತದೆ, ಮತ್ತು ಜೂನ್‌ನಿಂದ ಸೆಪ್ಟೆಂಬರಿನವರೆಗೆ ನಮ್ಮಲ್ಲಿ ಅದಕ್ಕಿಂತ ಕಡಿಮೆ ಇರುವ ದಿನಗಳೇ ಅಪರೂಪ. ಡಬ್ಬಿಯಲ್ಲಿ ಹೆಂಟೆಗಟ್ಟಿದ ಉಪ್ಪನ್ನು ತೂಗಿದರೆ ಅದರಲ್ಲಿ ನೀರಿನ ತೂಕವೂ ಸೇರಿರುತ್ತದೆ. ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಚೆನ್ನಾಗಿ ಹುರಿದು, ಮುಚ್ಚಳವಿರುವ ಗಾಜಿನ ಬಾಟಲಿಯಲ್ಲಿ ಆರಿಸಿ, ಕೂಡಲೇ ತೂಗಿ. ಅಯೋಡಿನ್ ಸೇರಿಸಿದ ಮಾಮೂಲಿ ಪುಡಿ ಉಪ್ಪು ನಡೆಯುತ್ತದೆ. ಅಯೋಡಿನ್ ಇರುವುದು ಲಕ್ಷದಲ್ಲಿ ಕೆಲವು ಭಾಗವಷ್ಟೇ. ಸೋಡಿಯಂ ಕಡಿಮೆ ಇರುವ ಉಪ್ಪು ಬೇಡ, ಅದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಬೆರೆತಿರುತ್ತದೆ. ಕಲ್ಲುಪ್ಪು, ಸೈಂಧವ ಉಪ್ಪು ಎರಡೂ ಬೇಡ. ಅಕ್ವೇರಿಯಂ ಉಪ್ಪನ್ನು 35 ಗ್ರಾಂ ತೂಗಿ ಹಾಕುವುದಂತೂ ಬೇಡವೇ ಬೇಡ, ಅದರ ಹರಳುಗಳಲ್ಲೇ ನೀರು ಸೇರಿಕೊಂಡಿರುತ್ತದೆ. ನೀರಿನ ಬಗ್ಗೆ ಅಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ: ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಆಗಬಹುದು, ಮನೆಯ ಆರ್‌ಒ ನೀರಿನ ಟಿಡಿಎಸ್ (ಲೀಟರಿನಲ್ಲಿ ಕರಗಿರುವ ಲವಣಗಳ ಮಿಲಿಗ್ರಾಂ ಲೆಕ್ಕ) 50 ಇದ್ದರೂ ಅದು ಕೂಡಿಸುವುದು 0.05 ಪಿಪಿಟಿ ಮಾತ್ರ.

ಯಾರೋ ನನ್ನನ್ನು ಹಿಂದೊಮ್ಮೆ ಕೇಳಿದ್ದರು, ಔಷಧಿ ಅಂಗಡಿಯಲ್ಲಿ ಸಿಗುವ ಸಲೈನ್ ಬಾಟಲಿ ಆಗದೇ ಎಂದು. ಅದು ಶೇಕಡಾ 0.9ರದು, ಅಂದರೆ 9 ಪಿಪಿಟಿ. ಶುದ್ಧತೆಯಲ್ಲಿ ಅದನ್ನು ಮೀರಿಸಿದ್ದಿಲ್ಲ, ಆದರೆ 9 ಎಂಬುದು ಸೊನ್ನೆಗೇ ಹತ್ತಿರ. ಅಡುಗೆ ಉಪ್ಪಿನ ಮಾಪಕ ಅದನ್ನು 9 ಎಂದರೆ ಸಮುದ್ರದ ನೀರಿನ ಮಾಪಕ 8.6 ಎನ್ನುತ್ತದೆ, ಒಂದು ಪಿಪಿಟಿಗೊಂದು ಗೆರೆ ಇರುವ ಉಪಕರಣದಲ್ಲಿ ಆ ಅಂತರ ಕಾಣುವುದೇ ಇಲ್ಲ.

ಹವಳದತೊಟ್ಟಿ (ಡೊಂಬಿವಲಿ)

ಮನೆಯಲ್ಲಿ ಮಾಡಿದ ದ್ರಾವಣವೂ ಬಾಟಲಿಯ ದ್ರಾವಣವೂ ಒಂದೇ ಗೆರೆಯ ಮೇಲೆ ನಿಂತವು. ಈಗ 35ರಲ್ಲಿ ಹೊಂದಿಸಿ ತೊಟ್ಟಿಯ ನೀರು ನೋಡಿದರೆ 33 ಮತ್ತು 34ರ ನಡುವೆ ಬರುತ್ತಿದೆ. ಇದನ್ನು ಏರಿಸಲೇ, ಹಾಗೆಯೇ ಬಿಡಲೇ? ಏರಿಸುವುದಾದರೆ ಉಪ್ಪನ್ನು ನೇರವಾಗಿ ಹಾಕಬಹುದೇ?

ಉತ್ತರ: ಲವಣಮಾಪಕ (ಕೊಥ್ರೂಡ್, ಪುಣೆ)

ಬರಬೇಕಾದದ್ದೇ ಬಂದಿದೆ: 35ನ್ನು 36.5ರಿಂದ ಭಾಗಿಸಿ 35ರಿಂದ ಗುಣಿಸಿದರೆ 33.6. ಹ್ಯಾಮರ್ ಹವಳ ಅರಳಿ ನಿಂತಿದ್ದರೆ ಅವಸರವೇನೂ ಇಲ್ಲ, ಆದರೂ ನಾನಾಗಿದ್ದರೆ ಏರಿಸುತ್ತಿದ್ದೆ.

ಉಪ್ಪನ್ನು ನೇರವಾಗಿ ತೊಟ್ಟಿಗೆ ಸುರಿಯಬೇಡಿ, ಕರಗದ ಹರಳು ಹವಳದ ಮೇಲೆ ಬಿದ್ದರೆ ಅಂಗಾಂಶ ಸುಡುತ್ತದೆ. ನೀರು ಆವಿಯಾಗುವಾಗ ಉಪ್ಪು ತೊಟ್ಟಿಯಲ್ಲೇ ಉಳಿಯುವುದರಿಂದ ದಿನವೂ ಸಿಹಿನೀರನ್ನೇ ತುಂಬುತ್ತೀರಲ್ಲವೇ, ಕೆಲವು ದಿನ ಅದರ ಬದಲು 35ಕ್ಕೆ ಕಲಸಿದ ಉಪ್ಪುನೀರನ್ನು ತುಂಬಿ. 200 ಲೀಟರಿಗೆ 1.4 ಪಿಪಿಟಿ ಏರಿಸಲು 280 ಗ್ರಾಂ ಉಪ್ಪು ಬೇಕು. ಅಕ್ವೇರಿಯಂ ಉಪ್ಪಿನೊಳಗಿನ ತೇವವನ್ನೂ ಲೆಕ್ಕ ಹಿಡಿದರೆ 300 ಗ್ರಾಂ ದಾಟಬಹುದು. ನಿಮ್ಮಲ್ಲಿ ದಿನಕ್ಕೆ ಎರಡು ಲೀಟರ್ ಆವಿಯಾಗುವುದಾದರೆ ಎರಡು ಲೀಟರ್ ಉಪ್ಪುನೀರಿನೊಂದಿಗೆ 70 ಗ್ರಾಂ ಒಳಗೆ ಹೋಗುತ್ತದೆ, ನಾಲ್ಕು ದಿನಕ್ಕೆ ಕೆಲಸ ಮುಗಿಯುತ್ತದೆ. ಕಲ್ಲು, ಮರಳು ತುಂಬಿದ ಜಾಗವನ್ನು ಕಳೆದರೆ ತೊಟ್ಟಿಯಲ್ಲಿ ನಿಜವಾಗಿ ಇರುವ ನೀರು 200 ಲೀಟರಿಗಿಂತ ಕಡಿಮೆಯೇ ಇರುವುದರಿಂದ ಮೂರನೆಯ ದಿನದಿಂದಲೇ ದಿನವೂ ನೋಡಿ. ನೋಡುವುದು ನೀರು ತುಂಬಿದ ಮೇಲೆ, ಪಂಪು ಒಂದರ್ಧ ಗಂಟೆ ಓಡಿ ನೀರು ಬೆರೆತ ಬಳಿಕ. 35 ತಲುಪಿದ ದಿನ ಮತ್ತೆ ಸಿಹಿನೀರಿಗೆ ಮರಳಿ. ನಿಮ್ಮಲ್ಲಿ ತಾನಾಗಿ ನೀರು ತುಂಬುವ ಯಂತ್ರ ಇದ್ದರೆ ಈ ದಿನಗಳಲ್ಲಿ ಅದರ ಪ್ಲಗ್ ತೆಗೆದಿಡುವುದನ್ನು ಮರೆಯಬೇಡಿ.